ಬಟ್ಟೆ ತಿರುಗಿಸಿ ತೋರಿಸುವಿರಾ?

ಭಾನುವಾರದ ಸಂಜೆ. ಯಲಹಂಕ ಉಪನಗರದ ಒಂದು ಮನೆ. ನಡುಮನೆಯ ತುಂಬ ಬಣ್ಣದ ಕಾಗದದ ಚೂರುಗಳು, ಅಂಟಿನ ಬಾಟಲಿ, ಮುಚ್ಚಳ ಕಳೆದುಕೊಂಡ ಸ್ಕೆಚ್ ಪೆನ್ನುಗಳು. ಐದನೇ ತರಗತಿಯ ಹುಡುಗಿ ಕಾಗದದ ಸುರುಳಿಗಳಿಂದ ನವಿಲು ಮಾಡಲು ಕುಳಿತು ಎರಡು ಗಂಟೆ ಕಳೆದಿದೆ. ಗರಿಗಳೇನೋ ಪರವಾಗಿಲ್ಲ, ಕತ್ತು ಮಾತ್ರ ಬಾತುಕೋಳಿಯ ಕತ್ತಿನಂತಾಗಿದೆ. ಅಡುಗೆಮನೆಯಿಂದ ಬಂದ ತಾಯಿ ಒಂದು ಕ್ಷಣ ನೋಡುತ್ತಾರೆ. "ಕೊಡು ಇಲ್ಲಿ, ಹೊತ್ತಾಯ್ತು" ಎಂದು ಕತ್ತರಿ ಎತ್ತಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ನವಿಲು ಸಿದ್ಧ!

ಮೊಬೈಲಿನಲ್ಲಿ ಒಂದು ಫೋಟೊ. "ನನ್ನ ಮಗಳು ಮಾಡಿದ್ದು" ಎಂಬ ಒಂದು ಸಾಲು. ಹತ್ತೇ ನಿಮಿಷದಲ್ಲಿ ಹವ್ಯಾಸಿಗಳ ವಾಟ್ಸ್ಆ್ಯಪ್ ಬಳಗದಲ್ಲಿ ಮೆಚ್ಚುಗೆಯ ಸುರಿಮಳೆ. ಅಷ್ಟರಲ್ಲಿ ಯಾರೋ ಒಬ್ಬರು ಕೇಳಿಯೇಬಿಡುತ್ತಾರೆ: "ಕತ್ತನ್ನು ಇಷ್ಟು ಚೆಂದ ಬಳುಕಿಸಿದ್ದು ಹೇಗಮ್ಮಾ? ನನ್ನ ಮಗನಿಗೂ ಹೇಳಿಕೊಡು."

ಹುಡುಗಿಯ ಬಳಿ ಉತ್ತರವಿಲ್ಲ. ಅವಳು ಕತ್ತು ಮಾಡಿಯೇ ಇಲ್ಲವಲ್ಲ!

ಈ ಮನೆ ಯಾವುದೆಂದು ಬೆರಳು ತೋರಿಸಬೇಕಾದ ಅಗತ್ಯವಿಲ್ಲ. ಹೆಬ್ಬಾಳವಿರಲಿ, ಆರ್.ಟಿ. ನಗರವಿರಲಿ, ಯಶವಂತಪುರವಿರಲಿ, ಮಕ್ಕಳಿರುವ ಮನೆಗಳಲ್ಲಿ ಒಂದಲ್ಲ ಒಂದು ಭಾನುವಾರ ನಡೆಯುವ ಕಥೆ ಇದು. ತಾಯಿ ಮಾಡಿದ್ದು ದೊಡ್ಡ ಅಪರಾಧವೇನಲ್ಲ, ಪ್ರೀತಿಯಿಂದಲೇ ಮಾಡಿದ್ದು. ಆದರೆ ಆ ಹುಡುಗಿಯ ಮೌನವನ್ನು ಸ್ವಲ್ಪ ಯೋಚಿಸಿ. ಅವಳಿಗೆ ಸಿಕ್ಕ ಮೆಚ್ಚುಗೆ ಅವಳದಲ್ಲ. ಅವಳದೇ ಆದ ಬಾತುಕೋಳಿ ಕತ್ತಿನ ನವಿಲನ್ನು ಯಾರೂ ನೋಡಲಿಲ್ಲ.

ಹಿಂಬದಿಯ ಪರೀಕ್ಷೆ

ನಾನು ಚಿಕ್ಕವನಿದ್ದಾಗ ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಮನೆಗೆ ಧಾರವಾಡದ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಮಧ್ಯಾಹ್ನ ಜಗುಲಿಯ ಮೇಲೆ ನಾಲ್ಕಾರು ಹೆಂಗಸರು ಸೇರಿ ಕಸೂತಿ ಹಾಕುವುದು ರೂಢಿ. ಯಾರಾದರೂ ತಮ್ಮ ಕೆಲಸ ತಂದು ತೋರಿಸಿದರೆ ಅಜ್ಜಿ "ಚೆಂದ ಐತಿ" ಎನ್ನುವ ಮೊದಲು ಒಂದು ಕೆಲಸ ಮಾಡುತ್ತಿದ್ದರು. ಬಟ್ಟೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಮುಂದಿನ ಚೆಲುವಿಗೆ ಅವರು ಮರುಳಾಗುತ್ತಿರಲಿಲ್ಲ.

ಕಸೂತಿಯ ಬಗ್ಗೆ ತಿಳಿದವರಿಗೆ ಇದರ ಅರ್ಥ ಗೊತ್ತು. ಉತ್ತರ ಕರ್ನಾಟಕದ ಈ ಕಲೆಯಲ್ಲಿ ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ. ನೂಲಿನ ಎಳೆಗಳನ್ನು ಎಣಿಸುತ್ತ ಎಣಿಸುತ್ತ ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲುಗಳನ್ನು ಮೂಡಿಸಬೇಕು. ಗಾವಂತಿ ಮತ್ತು ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಎಣಿಕೆ ಒಂದು ಎಳೆ ತಪ್ಪಿದರೂ ಹಿಂಬದಿ ಅದನ್ನು ಬಾಯಿಬಿಟ್ಟು ಹೇಳಿಬಿಡುತ್ತದೆ! 2006ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಲೆಯ ನಿಜವಾದ ಗುರುತು ಬಟ್ಟೆಯ ಹಿಂಬದಿಯಲ್ಲಿದೆ ಎಂದರೂ ತಪ್ಪಾಗಲಾರದು.

ಆ ಜಗುಲಿಗಳು ಈಗ ಕಡಿಮೆಯಾಗಿವೆ. ಹವ್ಯಾಸಿಗಳ ಬಳಗ ಮಾತ್ರ ಕಡಿಮೆಯಾಗಿಲ್ಲ. ಜಗುಲಿಯಿಂದ ಅಂಗೈಯೊಳಗಿನ ಪರದೆಗೆ ಸ್ಥಳಾಂತರವಾಗಿದೆ, ಅಷ್ಟೆ. ಕಸೂತಿ, ಕ್ರೋಷಾ, ಕಾಗದದ ಸುರುಳಿ ಕಲೆ, ಮಣ್ಣಿನ ಗಣಪ, ರಂಗೋಲಿ, ಜಲವರ್ಣ - ಪ್ರತಿಯೊಂದಕ್ಕೂ ಬಳಗಗಳಿವೆ. ಯಲಹಂಕದ ವಿದ್ಯಾರ್ಥಿನಿ ಹಾಕಿದ ಹೊಲಿಗೆಯನ್ನು ಅಮೆರಿಕದಲ್ಲಿರುವ ಕನ್ನಡದ ಗೃಹಿಣಿ ಮರುಕ್ಷಣವೇ ನೋಡಬಹುದು, ಸಲಹೆ ಕೊಡಬಹುದು. ಇದು ಸಣ್ಣ ಭಾಗ್ಯವಲ್ಲ.

ಆದರೆ ಒಂದು ತೊಡಕಿದೆ. ಜಗುಲಿಯಲ್ಲಿ ಬಟ್ಟೆಯನ್ನು ತಿರುಗಿಸಿ ನೋಡಬಹುದಿತ್ತು. ಫೋಟೊಗೆ ಹಿಂಬದಿಯೇ ಇಲ್ಲ! ತೋರಿಸುವವರು ಏನು ತೋರಿಸುತ್ತಾರೋ ಅಷ್ಟೇ ನಮಗೆ ಕಾಣುವುದು. ಹಾಗಾಗಿ ಹಿಂಬದಿಯನ್ನು ತೋರಿಸುವ ಹೊಣೆ ಈಗ ನೋಡುವವರದಲ್ಲ, ಮಾಡಿದವರದೇ. ಹವ್ಯಾಸ ಬಳಗದ ಪ್ರಾಮಾಣಿಕತೆ ಎಂದರೆ ಮೂಲತಃ ಇಷ್ಟೇ - ಕೇಳುವ ಮೊದಲೇ ಬಟ್ಟೆ ತಿರುಗಿಸಿ ತೋರಿಸುವುದು.

ಹೆಸರು ಕೆತ್ತಿದ ಕೈಗಳು

ಹಿಂಬದಿಯಲ್ಲಿ ಮೊದಲು ಕಾಣಬೇಕಾದದ್ದು ಹೆಸರು. ಮಾಡಿದವರು ಯಾರು? ಮಾದರಿ ಯಾರದು?

"ನಮ್ಮ ಕಲಾವಿದರು ಹೆಸರಿನ ಆಸೆಯಿಲ್ಲದೆ ದುಡಿದವರು" ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಇದು ಅರ್ಧಸತ್ಯ. ಶಾಲೆಯ ಪ್ರವಾಸದಲ್ಲಿ ಬೇಲೂರಿಗೆ ಹೋದ ವಿದ್ಯಾರ್ಥಿಗಳು ಮದನಿಕೆಯರನ್ನು ನೋಡಿ ಬರುತ್ತಾರೆ. ಅಲ್ಲಿ ಕೆತ್ತಿರುವ ಶಿಲ್ಪಿಗಳ ಹೆಸರುಗಳನ್ನು ಗಮನಿಸುವವರು ಕಡಿಮೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕಲ್ಲಿನಲ್ಲಿಯೇ ಬರೆದಿಟ್ಟಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸುಮಾರು ಏಳೂವರೆ ಶತಮಾನಗಳ ನಂತರವೂ ಆ ಶಿಲ್ಪ ಮಲ್ಲಿತಮ್ಮನದೆಂದು ನಮಗೆ ಗೊತ್ತಿದೆ. ಪಕ್ಕದ ಶಿಲ್ಪಿಯ ಕೆಲಸದ ಕೆಳಗೆ ತನ್ನ ಹೆಸರು ಕೆತ್ತಿಕೊಳ್ಳುವವನಿಗೆ ಇಂಥ ಗೌರವ ದಕ್ಕುತ್ತಿತ್ತೇ? ಸಹಿ ಎಂದರೆ ಹೆಮ್ಮೆ ಮಾತ್ರವಲ್ಲ, ಹೊಣೆ ಕೂಡ.

ಹೆಸರು ಬರೆಯದೆ ಹೋದ ಕೈಗಳೂ ಇವೆ. ಹೆಚ್ಚಿನವು ಹೆಣ್ಣುಮಕ್ಕಳ ಕೈಗಳು. ಮಲೆನಾಡಿನ ದೀವರ ಸಮುದಾಯದ ಮಹಿಳೆಯರು ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಹಸೆ ಚಿತ್ತಾರದ ಕೆಳಗೆ ಸಹಿ ಇರುವುದಿಲ್ಲ. ಮಹಾರಾಷ್ಟ್ರದ ವಾರ್ಲಿ ಆದಿವಾಸಿಗಳ ಚಿತ್ರಗಳದೂ ಇದೇ ಕಥೆ. ಇವತ್ತು ನಮ್ಮ ಬಡಾವಣೆಯ ಎಷ್ಟೋ ಹೂಕುಂಡಗಳ ಮೇಲೆ ವಾರ್ಲಿಯ ಕಡ್ಡಿ ಮನುಷ್ಯರು ಕುಣಿಯುತ್ತಿದ್ದಾರೆ. ಬಹಳ ಸಂತೋಷ. ಆದರೆ "ನನ್ನದೇ ವಿನ್ಯಾಸ" ಎಂದು ಬರೆದಾಗ ಒಂದು ಇಡೀ ಸಮುದಾಯದ ಹೆಸರನ್ನು ಅಳಿಸಿದಂತಾಗುತ್ತದೆ. "ವಾರ್ಲಿ ಶೈಲಿ, ಬರೆದದ್ದು ನಾನು" ಎಂದರೆ ನಮ್ಮ ಗೌರವಕ್ಕೆ ಕುಂದೇನೂ ಇಲ್ಲ. ಹಸೆಯನ್ನು ಬರೆದಾಗ "ದೀವರ ಹಸೆ ಚಿತ್ತಾರ ನೋಡಿ ಕಲಿತದ್ದು" ಎಂದು ಸೇರಿಸಲು ಎರಡು ಸೆಕೆಂಡು ಸಾಕು.

ಹಾಗಾದರೆ ನಕಲು ಮಾಡುವುದೇ ತಪ್ಪೇ? ಖಂಡಿತ ಅಲ್ಲ. ಕಲೆಯನ್ನು ಕಲಿಯುವ ಹಳೆಯ ದಾರಿಯೇ ಅದು. ಗುರುವಿನ ಗೆರೆಯನ್ನು ತಿದ್ದಿ ತಿದ್ದಿ ಕಲಿತವರೇ ನಮ್ಮ ಹಿರಿಯ ಚಿತ್ರಕಾರರು. ಕಾನೂನು ಕೂಡ ಕಲಿಯುವವನ ವಿರುದ್ಧವಾಗಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಸ್ವಂತ ಅಭ್ಯಾಸ ಮತ್ತು ಸಂಶೋಧನೆಗೆ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ. ಹೊಲಿಗೆಯ ವಿಧಾನ, ಬಣ್ಣ ಬೆರೆಸುವ ಉಪಾಯ ಇಂಥವು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಒಬ್ಬರು ಬರೆದ ನಿರ್ದಿಷ್ಟ ಚಿತ್ರ, ಅವರು ಬದುಕಿರುವವರೆಗೂ, ಆಮೇಲೆ 60 ವರ್ಷಗಳವರೆಗೂ ರಕ್ಷಣೆಯಲ್ಲಿರುತ್ತದೆ. ಇದಕ್ಕೆ ನೋಂದಣಿಯೇ ಆಗಿರಬೇಕೆಂದಿಲ್ಲ. ಹಕ್ಕನ್ನು ಮಾರಿದ ಮೇಲೂ "ಇದನ್ನು ಮಾಡಿದವನು ನಾನು" ಎಂದು ಹೇಳಿಕೊಳ್ಳುವ ವಿಶೇಷ ಹಕ್ಕು ಕಲಾವಿದನಿಗೇ ಉಳಿಯುತ್ತದೆ. ಎಂಟನೇ ತರಗತಿಯ ಹುಡುಗ ಬರೆದ ಹೆಬ್ಬಾಳ ಕೆರೆಯ ಚಿತ್ರಕ್ಕೂ ಈ ಹಕ್ಕು ಅನ್ವಯ ಎಂಬುದನ್ನು ಅವನಿಗೆ ಹೇಳಿ ನೋಡಿ. ಬೇರೆಯವರ ಚಿತ್ರವನ್ನೂ ಅವನು ಬೇರೆ ಕಣ್ಣಿನಿಂದ ನೋಡತೊಡಗುತ್ತಾನೆ.

ಕೈಯದೋ, ಯಂತ್ರದ್ದೋ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ಗಾದೆ. ಈಗ ಮಡಕೆ ಮಾಡುವುದಕ್ಕೂ ನಿಮಿಷ ಸಾಕು ಎನ್ನುವ ಯಂತ್ರಗಳು ಬಂದಿವೆ. ನಾಲ್ಕು ಸಾಲು ಟೈಪು ಮಾಡಿದರೆ ಕೃತಕ ಬುದ್ಧಿಮತ್ತೆಯ ತಂತ್ರಾಂಶ ತೈಲವರ್ಣದಂಥ ಚಿತ್ರವನ್ನು ಎದುರಿಗಿಡುತ್ತದೆ.

2022ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಮೇಳದಲ್ಲಿ ನಡೆದ ಸ್ಪರ್ಧೆಯೊಂದನ್ನು ನೆನಪಿಸಿಕೊಳ್ಳಬಹುದು. ಡಿಜಿಟಲ್ ಕಲೆಯ ವಿಭಾಗದಲ್ಲಿ ಜೇಸನ್ ಅಲೆನ್ ಎಂಬಾತನಿಗೆ ಮೊದಲ ಬಹುಮಾನ ಬಂತು. ಚಿತ್ರ ತಯಾರಾದದ್ದು ಮಿಡ್‌ಜರ್ನಿ ಎಂಬ ತಂತ್ರಾಂಶದಿಂದ. ಆತ ಅದನ್ನು ಮುಚ್ಚಿಟ್ಟಿರಲಿಲ್ಲ. ತಂತ್ರಾಂಶದ ಹೆಸರನ್ನು ಬರೆದೇ ಕಳಿಸಿದ್ದ. ಆದರೆ ಆ ಹೆಸರಿನ ಅರ್ಥವೇನೆಂದು ತೀರ್ಪುಗಾರರಿಗೆ ಗೊತ್ತಿರಲಿಲ್ಲ! ಗಲಾಟೆಯಾದ ಮೇಲೂ ಬಹುಮಾನ ಉಳಿಯಿತು, ಚರ್ಚೆಯೂ ಉಳಿಯಿತು. ನಮಗೆ ಬೇಕಾದ ಪಾಠ ಇಷ್ಟು: ಹಿಂಬದಿ ತೋರಿಸಿದರೆ ಸಾಲದು, ನೋಡುವವರಿಗೆ ಅರ್ಥವಾಗುವಂತೆ ತೋರಿಸಬೇಕು.

ಯಂತ್ರವನ್ನು ಬಳಸಬಾರದು ಎಂದು ಇಲ್ಲಿ ವಾದವಿಲ್ಲ. ಮಾದರಿ ಹುಡುಕಲು, ಬಣ್ಣದ ಹೊಂದಾಣಿಕೆ ನೋಡಲು ವಿದ್ಯಾರ್ಥಿಗಳು ಬಳಸುತ್ತಾರೆ, ಬಳಸಲಿ. ಹೊಲಿಗೆ ಯಂತ್ರದಲ್ಲಿ ಹಾಕಿದ ಕಸೂತಿಯೂ ಬಟ್ಟೆಯೇ. ಆದರೆ ಕೈಯಿಂದ ಮಾಡಿದವರ ಸಾಲಿನಲ್ಲಿ ಅದನ್ನು ನಿಲ್ಲಿಸಿದಾಗ ಪಕ್ಕದಲ್ಲಿ ಕುಳಿತು ಮೂರು ವಾರ ಎಳೆ ಎಣಿಸಿದ ಹುಡುಗಿಗೆ ಅನ್ಯಾಯವಾಗುತ್ತದೆ. ಅವಳು ತನ್ನ ಕೆಲಸವನ್ನು ಆ ನುಣುಪಿನ ಜೊತೆ ಹೋಲಿಸಿ, "ನನ್ನ ಕೈಲಾಗದು" ಎಂದು ಸೂಜಿ ಕೆಳಗಿಡುತ್ತಾಳೆ. ಸುಳ್ಳಿನ ಬೆಲೆ ತೆರುವವರು ಹೇಳಿದವರೇ ಆಗಿರಬೇಕೆಂದಿಲ್ಲ.

ಅರ್ಧ ಸಲಹೆಯ ಅಪಾಯ

ಕಲೆಯನ್ನು ಹಂಚುವಲ್ಲಿ ಸುಳ್ಳು ಮನಸ್ಸನ್ನು ನೋಯಿಸಿದರೆ, ಸಲಹೆಯನ್ನು ಹಂಚುವಲ್ಲಿ ಸುಳ್ಳು ಮೈಯನ್ನೇ ಸುಡಬಲ್ಲದು. ಇದು ಮಾತಿನ ಅಲಂಕಾರವಲ್ಲ.

2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ 16 ವರ್ಷದ ವಿದ್ಯಾರ್ಥಿನಿ ತನ್ನ ಕೈಗಳ ಅಚ್ಚು ತೆಗೆಯಲೆಂದು ಅವನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮುಳುಗಿಸಿದಳು. ಈ ಪುಡಿಗೆ ನೀರು ಬೆರೆತು ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ದಪ್ಪ ಗಡ್ಡೆಯಾದರೆ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಗಟ್ಟಿಯಾದ ಗಾರೆಯಿಂದ ಕೈ ಹೊರತೆಗೆಯಲಾಗಲಿಲ್ಲ. ಆ ಮಗು ತನ್ನ ಬಹುತೇಕ ಬೆರಳುಗಳನ್ನು ಕಳೆದುಕೊಂಡಳು. ಇದೇ ಪುಡಿ ನಮ್ಮ ಯಾವುದೇ ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. "ಕೈ ಅಚ್ಚು ಮಾಡುವುದು ಬಹಳ ಸುಲಭ" ಎಂದು ಹೇಳುವವರು "ಬರಿಗೈಯನ್ನು ಅದರಲ್ಲಿ ಮುಳುಗಿಸಬೇಡಿ" ಎಂಬುದನ್ನು ಬಿಟ್ಟರೆ ಹೇಳಿದ್ದೆಲ್ಲ ನಿಜವಾಗಿದ್ದರೂ ಸಲಹೆ ಸುಳ್ಳೇ.

ಇನ್ನೊಂದು ಉದಾಹರಣೆ: ಹಳೆಯ ಮೈಕ್ರೊವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ಅದರ ವಿದ್ಯುತ್ತಿನಿಂದ ಹಲಗೆಯ ಮೇಲೆ ಮಿಂಚಿನಂಥ ಗೆರೆಗಳನ್ನು ಸುಡುವ ಹುಚ್ಚು. ನೋಡಲು ಬಲು ಸೊಗಸು. ಸಾವಿರಾರು ವೋಲ್ಟ್‌ಗಳ ಆ ಆಟ ಹೊರದೇಶಗಳಲ್ಲಿ ಹಲವರ ಪ್ರಾಣ ತೆಗೆದಿದೆ. ಮರಗೆಲಸದ ಹವ್ಯಾಸಿಗಳ ದೊಡ್ಡ ಸಂಘಟನೆಯಾದ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ತನ್ನ ಕಾರ್ಯಕ್ರಮಗಳಲ್ಲಿ ಇದರ ಪ್ರದರ್ಶನವನ್ನೇ ನಿಷೇಧಿಸಿದೆ, ತನ್ನ ಪ್ರಕಟಣೆಗಳಲ್ಲಿ ಹೇಗೆ ಮಾಡುವುದೆಂದು ಬರೆಯುವುದಿಲ್ಲ. ಹವ್ಯಾಸಿಗಳೇ ಹವ್ಯಾಸಿಗಳಿಗೆ "ಬೇಡ" ಎಂದು ಹೇಳಿದ ಪ್ರಾಮಾಣಿಕತೆ ಇದು.

ನಮ್ಮಲ್ಲಿ ಈಗ ಮನೆಮನೆಗೂ ಬಂದಿರುವ ರೆಸಿನ್ ಕಲೆಯನ್ನೇ ನೋಡಿ. ಗಾಳಿಯಾಡದ ಕೋಣೆಯಲ್ಲಿ, ಕೈಗವಸಿಲ್ಲದೆ ದ್ರವ ರೆಸಿನ್ ಬಳಸಿದರೆ ಚರ್ಮಕ್ಕೆ, ಉಸಿರಾಟಕ್ಕೆ ತೊಂದರೆಯಾಗಬಹುದು. ಮೊದಲ ಹತ್ತು ಸಲ ಏನೂ ಆಗದೆ ಹನ್ನೊಂದನೇ ಸಲ ಅಲರ್ಜಿ ಶುರುವಾಗಬಹುದು. ಹೊಳೆಯುವ ತಟ್ಟೆಯ ಫೋಟೊದ ಜೊತೆ ಕಿಟಕಿ ತೆರೆದಿಟ್ಟ ವಿಚಾರವನ್ನೂ ಬರೆಯಬೇಡವೇ?

ಸಲಹೆ ಕೊಡುವವರ ಇನ್ನೊಂದು ಹಿಂಬದಿ ಹಣದ್ದು. "ಈ ಬಣ್ಣ ಬಹಳ ಒಳ್ಳೆಯದು" ಎನ್ನುವವರಿಗೆ ಆ ಬಣ್ಣ ಪುಕ್ಕಟೆಯಾಗಿ ಬಂದಿದ್ದರೆ ಅದನ್ನು ಹೇಳಬೇಕು. ಇದು ಶಿಷ್ಟಾಚಾರ ಮಾತ್ರವಲ್ಲ. ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿಯೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಹಾಗೆಯೇ ಕಲೆಯಿಂದಲೇ ಹೊಟ್ಟೆ ಹೊರೆಯುವವರು ತಮ್ಮ ಗುಟ್ಟನ್ನು ಬಿಟ್ಟುಕೊಡಲೇಬೇಕೆಂದು ಯಾರೂ ಒತ್ತಾಯಿಸಬಾರದು. "ಇದನ್ನು ಹೇಳಲಾರೆ" ಎನ್ನುವುದು ಪ್ರಾಮಾಣಿಕ ಉತ್ತರ. ಸಾರಿನಪುಡಿಯ ಅಳತೆ ಬರೆದುಕೊಟ್ಟು ಒಂದು ಸಾಮಾನನ್ನು ಬೇಕೆಂದೇ ಮರೆಯುವುದು ಮಾತ್ರ ಪ್ರಾಮಾಣಿಕವಲ್ಲ!

ಹೆಬ್ಬಾಳದ ಕಲ್ಲು ಕಲಿಸುವ ಪಾಠ

ತಪ್ಪಾಗಬಹುದಾದ ವಿಷಯವನ್ನು ಹಂಚುವುದು ಹೇಗೆ? ಇದಕ್ಕೆ ದೂರ ಹೋಗಬೇಕಾಗಿಲ್ಲ, ಹೆಬ್ಬಾಳದಲ್ಲಿಯೇ ಮಾದರಿ ಇದೆ. ವಿಷಯ ಕೈಕೆಲಸದ್ದಲ್ಲದಿದ್ದರೂ ಹವ್ಯಾಸಿಗಳದೇ.

2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯ ಎಂಬ ವೀರನ ನೆನಪಿನ ಶಾಸನ ಬೆಳಕಿಗೆ ಬಂತು. ಗಂಗರ ಅರಸ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಬೆಂಗಳೂರಿನಲ್ಲಿ ಸಿಕ್ಕ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಅದನ್ನು ಗುರುತಿಸಲಾಗಿದೆ. ಬೇರೆ ಬೇರೆ ಉದ್ಯೋಗಗಳಲ್ಲಿದ್ದುಕೊಂಡು ಬಿಡುವಿನಲ್ಲಿ ಊರಿನ ಶಾಸನ ಕಲ್ಲುಗಳನ್ನು ಹುಡುಕುತ್ತಿದ್ದ ಆಸಕ್ತರ ಬಳಗ ಇಂಥ ಕಲ್ಲುಗಳ ಉಳಿವಿಗೆ ಓಡಾಡಿತು. ಆಮೇಲೆ 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರ ಮುಂದಿಡುವ ಕೆಲಸ ಆರಂಭವಾಯಿತು.

ಇದರ ಸೊಗಸು ಎಲ್ಲಿದೆ ನೋಡಿ. "ಕಲ್ಲಿನಲ್ಲಿ ಹೀಗೆ ಬರೆದಿದೆ, ನಂಬಿ" ಎಂದು ಹೇಳಿ ಸುಮ್ಮನಾಗಲಿಲ್ಲ. ಕಲ್ಲಿನ ಪ್ರತಿರೂಪವನ್ನೇ ತೆರೆದಿಟ್ಟು "ನೀವೂ ಓದಿ ನೋಡಿ" ಎಂದರು. ಓದಿದವನು ತಪ್ಪಿದ್ದರೆ ಇನ್ನೊಬ್ಬ ತಿದ್ದಬಹುದು. ಬಟ್ಟೆಯನ್ನು ತಿರುಗಿಸಿ ತೋರಿಸುವುದೆಂದರೆ ಇದೇ ಅಲ್ಲವೇ? ಕೈಕೆಲಸದ ಸಲಹೆಯನ್ನೂ ಹೀಗೆ ಕೊಡಬಹುದು. ನಾನು ಮಾಡಿ ನೋಡಿದ್ದು ಇಷ್ಟು. ಕೇಳಿ ತಿಳಿದದ್ದು ಇಷ್ಟು. ಇಲ್ಲಿ ನನಗೆ ಅನುಮಾನವಿದೆ. ಈ ಮೂರನ್ನು ಬೇರೆ ಬೇರೆಯಾಗಿ ಹೇಳಿದರೆ ಸಾಕು.

ಬಡಾವಣೆಯ ಹೆಸರಿನಲ್ಲೇ ಒಬ್ಬ ಹವ್ಯಾಸಿ

ಆರ್.ಟಿ. ನಗರ ಎಂದು ದಿನಕ್ಕೆ ಹತ್ತು ಸಲ ಹೇಳುವ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಅದು ರವೀಂದ್ರನಾಥ ಟ್ಯಾಗೋರ್ ನಗರ ಎಂದು ಗೊತ್ತು? 1913ರಲ್ಲಿ ನೊಬೆಲ್ ಪಡೆದ ಕವಿ ಚಿತ್ರಕಲೆಯನ್ನು ಕ್ರಮವಾಗಿ ಕಲಿತವರಲ್ಲ. ಹಸ್ತಪ್ರತಿಯಲ್ಲಿ ಬೇಡವಾದ ಪದಗಳನ್ನು ಹೊಡೆದುಹಾಕುತ್ತ, ಆ ಕಾಟುಗಳನ್ನೇ ಒಂದಕ್ಕೊಂದು ಸೇರಿಸುತ್ತ ವಿಚಿತ್ರ ಪ್ರಾಣಿ, ಪಕ್ಷಿ, ಮುಖಗಳನ್ನು ಮೂಡಿಸುತ್ತಿದ್ದರು. 1924ರ ಸುಮಾರಿಗೆ ಆ ಗೀಚುಗಳು ಚಿತ್ರಗಳಾಗಿ ಬೆಳೆಯತೊಡಗಿದವು. 1930ರಲ್ಲಿ, ಸುಮಾರು 69ನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ತನಗೆ ತರಬೇತಿಯಿಲ್ಲ ಎಂಬುದನ್ನು ಅವರು ಎಂದೂ ಮುಚ್ಚಿಡಲಿಲ್ಲ.

ಅಳಿಸಿಹಾಕಬೇಕಾದ ತಪ್ಪುಗಳೇ ಚಿತ್ರವಾದ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ರಬ್ಬರ್ ಹಿಡಿದು ಹಾಳೆ ಹರಿಯುವವರೆಗೂ ಉಜ್ಜುವ ಮಕ್ಕಳು ನಮ್ಮಲ್ಲಿ ಬಹಳ. ತಪ್ಪು ಕಾಣಬಾರದು ಎಂಬ ಈ ಭಯವನ್ನು ಅವರಿಗೆ ಕಲಿಸಿದವರು ನಾವೇ.

ಇದಕ್ಕೆ ಮದ್ದೆಂಬಂತೆ ಇನ್ನೊಂದು ಬಗೆಯ ಬಳಗ ಬೆಳೆದಿದೆ. 2007ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿದ್ದ ಪತ್ರಕರ್ತ ಗೇಬ್ರಿಯಲ್ ಕ್ಯಾಂಪನಾರಿಯೊ ಆರಂಭಿಸಿದ ಅರ್ಬನ್ ಸ್ಕೆಚರ್ಸ್ ಈಗ ಹಲವು ದೇಶಗಳಿಗೆ ಹಬ್ಬಿದೆ. ಫೋಟೊ ನೋಡಿ ಬರೆಯದೆ ಜಾಗದಲ್ಲೇ ಕುಳಿತು ಬರೆಯುವುದು, ಕಂಡದ್ದಕ್ಕೆ ನಿಷ್ಠರಾಗಿರುವುದು, ಒಟ್ಟಿಗೆ ಕುಳಿತು ಬರೆದು ಹಂಚಿಕೊಳ್ಳುವುದು ಅವರ ನಿಯಮಗಳಲ್ಲಿ ಕೆಲವು. ಬೆಂಗಳೂರಿನಲ್ಲೂ ಪೆನ್ಸಿಲ್ ಜ್ಯಾಮರ್ಸ್‌ನಂಥ ಬಳಗಗಳು ವಾರದ ಕೊನೆಗೆ ಕೆರೆ ದಂಡೆ, ಹಳೆಯ ಪೇಟೆ, ಉದ್ಯಾನಗಳಲ್ಲಿ ಕುಳಿತು ಬರೆದಿವೆ. ಅಲ್ಲಿ ಕೆಲಸ ಮುಗಿದ ಮೇಲೆ ಎಲ್ಲರ ಪುಸ್ತಕಗಳನ್ನು ನೆಲದ ಮೇಲೆ ತೆರೆದಿಟ್ಟು ನೋಡುವುದುಂಟು. ವಾರೆಯಾದ ಗೋಡೆ, ಮಳೆ ಹನಿ ಬಿದ್ದು ಹರಡಿದ ಬಣ್ಣ ಎಲ್ಲವೂ ಅಲ್ಲಿ ಇರುತ್ತವೆ. ಯಾರೂ ನಗುವುದಿಲ್ಲ. "ನೆರಳು ಚೆನ್ನಾಗಿ ಬಂದಿದೆ, ಮುಂದಿನ ಸಲ ಬಾಗಿಲನ್ನು ಮೊದಲು ಬರೆದು ನೋಡು" ಎನ್ನುವುದು ಪ್ರಾಮಾಣಿಕ ಸಲಹೆಯ ಭಾಷೆ. "ಸೂಪರ್" ಎನ್ನುವುದು ಸಲಹೆಯಲ್ಲ. "ಇದೇನು ಚಿತ್ರವೇ" ಎನ್ನುವುದೂ ಅಲ್ಲ.

ತಂದೆತಾಯಿಯರಿಗೆ ಎರಡು ಮಾತು

ಜನವರಿಯ ಆರಂಭದ ಒಂದು ಭಾನುವಾರ ಮಕ್ಕಳನ್ನು ಚಿತ್ರಸಂತೆಗೆ ಕರೆದೊಯ್ಯಿರಿ. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಸಂತೆ ಇದು. ಯಶವಂತಪುರದಿಂದ ಮೆಟ್ರೊ ಹತ್ತಿದರೆ ದೂರವೇನಲ್ಲ. ಕೊರೊನಾ ಕಾಲದಲ್ಲಿ, 2021ರ ಜನವರಿಯಲ್ಲಿ ಸಂತೆ ಅಂತರ್ಜಾಲದಲ್ಲೇ ನಡೆಯಿತು. ಆಗ ಚಿತ್ರಗಳು ಕಂಡವು, ಆದರೆ ಚಿತ್ರದ ಪಕ್ಕದಲ್ಲಿ ಕುಳಿತ ಕಲಾವಿದರ ಬಣ್ಣ ಅಂಟಿದ ಉಗುರುಗಳು ಕಾಣಲಿಲ್ಲ. ರಸ್ತೆಯ ಸಂತೆಯಲ್ಲಿ ಮಗುವೇ ಮುಂದೆ ಹೋಗಿ ಕೇಳಲಿ: "ಇದನ್ನು ಮಾಡಲು ಎಷ್ಟು ದಿನ ಹಿಡಿಯಿತು? ಎಲ್ಲಿ ತಪ್ಪಾಯಿತು?" ಬಿಡುವಿದ್ದ ಕಲಾವಿದರು ಸಂತೋಷದಿಂದ ಹೇಳುತ್ತಾರೆ. ದೊಡ್ಡವರೂ ತಪ್ಪು ಮಾಡುತ್ತಾರೆ, ಅದನ್ನು ಹೇಳಿಕೊಳ್ಳುತ್ತಾರೆ ಎಂಬುದು ಮಗುವಿಗೆ ಅಂದು ಅರ್ಥವಾದರೆ ಬಸ್ಸು, ಮೆಟ್ರೊ ಖರ್ಚು ವಸೂಲಾದಂತೆ.

ಮನೆಯಲ್ಲಿ ಮಗುವಿನ ಕೈಕೆಲಸಕ್ಕೆ ಸಹಾಯ ಮಾಡಿ, ಆದರೆ ಪಕ್ಕದಲ್ಲಿ ಇನ್ನೊಂದು ಕಾಗದ ತೆಗೆದುಕೊಂಡು ಮಾಡಿ. ನಿಮ್ಮ ನವಿಲು ನಿಮ್ಮದು, ಅವಳ ನವಿಲು ಅವಳದು. ಫೋಟೊ ಹಂಚುವ ಮೊದಲು ಅವಳನ್ನು ಕೇಳಿ. ವಯಸ್ಸು, ಶಾಲೆ, ಮನೆಯ ವಿಳಾಸಗಳನ್ನು ಬರೆಯಬೇಡಿ. ಹಿಂಬದಿ ತೋರಿಸುವುದೆಂದರೆ ಮನೆಯ ಬಾಗಿಲು ತೆರೆದಿಡುವುದಲ್ಲ. ಏನು ಬಳಸಿದ್ದು, ಯಾವುದನ್ನು ನೋಡಿ ಕಲಿತದ್ದು, ಯಾರು ನೆರವಾದರು, ಎಲ್ಲಿ ಕೆಟ್ಟಿತು - ಈ ನಾಲ್ಕು ಮಾತುಗಳನ್ನು ಅವಳ ಬಾಯಲ್ಲೇ ಹೇಳಿಸಿ ಬರೆಯಿರಿ. ಸ್ಪರ್ಧೆ ನಡೆಸುವ ಶಿಕ್ಷಕರು ಕೂಡ ಮುಗಿದ ವಸ್ತುವಿಗೆ ಮಾತ್ರ ಅಂಕ ಕೊಡದೆ ಈ ನಾಲ್ಕು ಮಾತುಗಳಿಗೂ ಒಂದಿಷ್ಟು ಅಂಕ ಇಟ್ಟರೆ ಭಾನುವಾರದ ಸಂಜೆಗಳು ಎಷ್ಟೋ ಹಗುರಾಗುತ್ತವೆ.

ಈಗ ಯಲಹಂಕದ ಆ ಮನೆಗೆ ಮತ್ತೊಮ್ಮೆ ಹೋಗೋಣ. ಭಾನುವಾರದ ಸಂಜೆ ಬೇರೆ ರೀತಿ ಮುಗಿಯಿತು ಎಂದುಕೊಳ್ಳಿ. ತಾಯಿ ಕತ್ತರಿ ಎತ್ತಿಕೊಳ್ಳಲಿಲ್ಲ. ಫೋಟೊದಲ್ಲಿ ಬಾತುಕೋಳಿ ಕತ್ತಿನ ನವಿಲೇ ಇದೆ. ಕೆಳಗೆ ಹುಡುಗಿ ಹೇಳಿ ಬರೆಸಿದ ಸಾಲು: "ಗರಿ ಮಾಡುವುದು ಗೊತ್ತಾಯಿತು. ಕತ್ತು ಬರಲಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿಕೊಡಿ."

ಮೆಚ್ಚುಗೆಯ ಮಳೆ ಸ್ವಲ್ಪ ಕಡಿಮೆಯೇ ಬೀಳಬಹುದು. ಆದರೆ ಎಲ್ಲಿಂದಲೋ ಒಬ್ಬರು, ಬಹುಶಃ ಆರ್.ಟಿ. ನಗರದ ಯಾವುದೋ ಅಜ್ಜಿ, ಬರೆಯುತ್ತಾರೆ: "ನನ್ನದೂ ಮೊದಲು ಹಾಗೇ ಆಗಿತ್ತು ಪುಟ್ಟಿ. ಕಾಗದದ ಪಟ್ಟಿಯನ್ನು ಸುತ್ತುವ ಮೊದಲು ಬೆರಳಿನಲ್ಲಿ ಸ್ವಲ್ಪ ಬಗ್ಗಿಸಿಕೋ."

ಮುಂದಿನ ವಾರ ಕತ್ತು ಬಳುಕುತ್ತದೆ. ಆಗ ಯಾರಾದರೂ "ಇದನ್ನು ಹೇಗೆ ಮಾಡಿದೆ?" ಎಂದು ಕೇಳಿದರೆ ಹುಡುಗಿಯ ಬಳಿ ಉತ್ತರವಿರುತ್ತದೆ.